ಒಣಗಾಳಿಯ ದಾನ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವದಂಚಿನಲ್ಲಿ, ವಿಜಯಪುರದ ಸೀಮೆಗೆ ಒತ್ತಿಕೊಂಡಿರುವ ಬಾಲಗಾಂವವು ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತ ಬಂದಿರುವ ಊರುಗಳಲ್ಲೊಂದು. ಸ್ವಾತಂತ್ರ್ಯಪೂರ್ವದಲ್ಲಿ ಡಫಳೆ ಮನೆತನದ ಜತ್ತ ಸಂಸ್ಥಾನದೊಳಗಿದ್ದ ಈ ಸೀಮೆಯು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1949ರಲ್ಲಿ ರಚಿತವಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರಾಯಿತು. ಆಳುವವರು ಬದಲಾದರೂ ಕಾಗದಪತ್ರಗಳಲ್ಲಿ ಈ ಭಾಗಕ್ಕೆ ಹಚ್ಚಿದ ವಿಶೇಷಣ ಮಾತ್ರ ಬದಲಾಗಲಿಲ್ಲ. ಅಂದಿನಂತೆ ಇಂದಿಗೂ ಇದು ಬರಪೀಡಿತ ಪ್ರದೇಶವೇ. ಆ ವಿಶೇಷಣ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಈ ಸೀಮೆಯ ಬರಕ್ಕೆ ಕಾರಣವಾದ ಒಣಗಾಳಿಯೇ ಇಲ್ಲಿಯ ಉತ್ತಮ ವಸ್ತುಗಳಲ್ಲಿ ಬಹುಪಾಲಿಗೆ ನಿರ್ಮಾತೃವೂ ಆಗಿದೆಯೆಂಬ ಸಂಗತಿಯು ಯಾವ ದಫ್ತರದಲ್ಲಿಯೂ ದಾಖಲಾಗದೆ ಉಳಿದಿರುವುದರಿಂದ, ಅದನ್ನು ಸ್ವಲ್ಪ ಸಾವಕಾಶವಾಗಿ ವಿವರಿಸುವುದು ಉಚಿತವೆಂದು ನನ್ನ ಭಾವನೆ.

ಅರಬ್ಬೀ ಸಮುದ್ರದಿಂದ ಹೊರಡುವ ನೈಋತ್ಯ ಮಾರುತವು ಸಹ್ಯಾದ್ರಿಯ ಪಶ್ಚಿಮದ ಮೈಯನ್ನೇರುವಾಗ ತಣಿದು, ತನ್ನೊಳಗಿನ ಆವಿಯನ್ನು ಮಳೆಯಾಗಿ ಸುರಿಸಿ, ಶಿಖರವನ್ನು ದಾಟಿ ಪೂರ್ವಕ್ಕಿಳಿಯುವಾಗ ಮತ್ತೆ ಕಾವೇರುತ್ತದೆ. ಇಳಿಯುವ ಒಣಗಾಳಿಯ ಉಷ್ಣತೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು ಹೆಚ್ಚುವುದೆಂದು ಹವಾಮಾನಶಾಸ್ತ್ರಜ್ಞರು ಹೇಳುತ್ತಾರೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರನ್ನು ಮೀರಿ ಮಳೆಯಾದರೆ, ಅಲ್ಲಿಂದ ನೇರ ದೂರದಲ್ಲಿ ಇನ್ನೂರು ಕಿಲೋಮೀಟರುಗಳನ್ನೂ ಮೀರದ ಜತ್ತದಲ್ಲಿ ಅದು 500 ಮಿಲಿಮೀಟರಿನ ಆಸುಪಾಸಿಗೆ ಕುಗ್ಗುತ್ತದೆ. ಹೊರೆಯನ್ನೆಲ್ಲ ಘಟ್ಟದ ಮೇಲೆಯೇ ಇಳುಹಿ ಬರಿಗೈಯಲ್ಲಿ ಬರುವ ಹಮಾಲನಂತೆ ಈ ಗಾಳಿಯು ಜತ್ತದ ಮಾಳವನ್ನು ದಾಟಿ ಹೋಗುತ್ತದೆ. ಅದೇ ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯಾದರೋ ಕರಾಡ, ಸಾಂಗಲಿ, ಮಿರಜಗಳ ತಗ್ಗಿನಲ್ಲಿ ಹರಿದು ಕರ್ನಾಟಕಕ್ಕಿಳಿಯುತ್ತಾಳೆ. ಭೀಮೆ ಅತ್ತ ಉತ್ತರದಲ್ಲಿ ಪಂಢರಪುರವನ್ನು ಬಳಸಿ ಹೋಗುತ್ತಾಳೆ. ಇವೆರಡರ ನಡುವಣ ದಿಣ್ಣೆಯ ಮೇಲೆ ಕುಳಿತಿರುವ ಜತ್ತಕ್ಕೆ ಎರಡೂ ನದಿಗಳು ಸಮೀಪದಲ್ಲಿದ್ದರೂ ಎರಡೂ ಎಟುಕುವುದಿಲ್ಲ. 2016ರ ಏಪ್ರಿಲಿನಲ್ಲಿ ಲಾತೂರಿನ ನೀರಡಿಕೆಯನ್ನು ತಣಿಸಲು ಇದೇ ಜಿಲ್ಲೆಯ ಮಿರಜದಿಂದ ಹತ್ತು ವ್ಯಾಗನುಗಳ ರೈಲಿನಲ್ಲಿ ಸುಮಾರು 5 ಲಕ್ಷ ಲೀಟರ್ ಕೃಷ್ಣೆಯ ನೀರು ಮೊದಲ ಕಂತಾಗಿ ಹೋಯಿತು. ದೇಶವೆಲ್ಲ ಆ ರೈಲನ್ನು ಕಂಡು ಬೆರಗಾಯಿತು; ಅದೇ ಜಿಲ್ಲೆಯ ಪೂರ್ವದ ಹಳ್ಳಿಗಳಲ್ಲಿ ಆ ಬೇಸಗೆಯಲ್ಲಿಯೂ ಟ್ಯಾಂಕರಿನ ದಾರಿ ಕಾಯುವುದು ಹೆಣ್ಣುಮಕ್ಕಳ ನಿತ್ಯಕರ್ಮವಾಗಿತ್ತು.

ಇನ್ನು ನೆಲದ ವಿಷಯ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದುಕ್ಕಿ ಹಾಸಿಹೋದ ಲಾವಾರಸದ ಪದರುಗಳೇ ದಖ್ಖಣದ ಈ ಕಪ್ಪುಶಿಲೆ. ಅದು ಶಿಥಿಲವಾಗಿ ಆದುದೇ ಎರೆಮಣ್ಣು. ಬೇಸಗೆಯಲ್ಲಿ ಎರೆಹೊಲಕ್ಕೆ ಹೋಗಿ ನಿಂತರೆ, ಅಂಗೈ ಇಳಿಯುವಷ್ಟು ಅಗಲವಾಗಿ ನೆಲ ಬಾಯ್ದೆರೆದಿರುವುದೂ, ಗಾಳಿ ಬೀಸಿದಂತೆಲ್ಲ ಮೇಲಣ ಪುಡಿಮಣ್ಣು ಆ ಬಿರುಕುಗಳೊಳಗೆ ಸುರಿಯುವುದೂ ಕಾಣುತ್ತದೆ. ಮಳೆ ಬಿದ್ದೊಡನೆ ಜೇಡಿ ಉಬ್ಬಿ ಬಿರುಕು ಮುಚ್ಚುವಾಗ ಒಳಗೆ ಬಿದ್ದ ಮಣ್ಣು ಕೆಳಗೇ ಉಳಿದು ಕೆಳಗಿನದು ಮೇಲಕ್ಕೆ ಬರುವುದರಿಂದ, ಈ ಭೂಮಿಯು ನೇಗಿಲ ಸಹಾಯವಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಆಗಸ್ಟ್ ಕಳೆದ ಮೇಲೆ ಬರುವ ಉತ್ತರಿ, ಹಸ್ತ ಮಳೆಗಳು ಇಲ್ಲಿಯ ಜೀವನಾಧಾರ. ಆ ತೇವವನ್ನು ಎರೆಯು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದಲೇ, ಬಿತ್ತಿದ ಮೇಲೆ ಒಂದು ಹನಿಯೂ ಬೀಳದಿದ್ದರೂ ಹಿಂಗಾರಿ ಬಿಳಿಜೋಳವು ನೆಲದ ಹಸಿ ಹಾಗೂ ಚಳಿಗಾಲದ ಇಬ್ಬನಿಗಳ ಬಲದಿಂದಲೇ ತೆನೆ ಬಿಚ್ಚುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾಕ್ಷೇತ್ರದಲ್ಲಿ ನಾಡಜೋಳಗಳಿಂದ ಆಯ್ದು ಸಿದ್ಧಪಡಿಸಿದ ಮಾಲದಂಡಿ, ಅಂದರೆ ಎಂ 35-1 ಎಂಬ ತಳಿಯನ್ನು ಆಮೇಲೆ ಬಂದ ಎಷ್ಟೋ ಹೊಸ ತಳಿಗಳು ಇಳುವರಿಯಲ್ಲಿ ಮೀರಿಸಿದರೂ, ರೊಟ್ಟಿಯ ರುಚಿಯಲ್ಲಿಯೂ ಕಣಕಿಯ ಗುಣದಲ್ಲಿಯೂ ಅದರ ಸಮಕ್ಕೆ ಬಂದುದು ಯಾವುದೂ ಇಲ್ಲವೆಂದು ಇಲ್ಲಿಯ ರೈತರು ಖಂಡಿತವಾಗಿ ಹೇಳುವರು.

ಆ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಗಾಳಿಗೆ ಒಣಗಿಸಿಟ್ಟರೆ ಖಡಕ್ ರೊಟ್ಟಿಯಾಗಿ ವಾರಗಳವರೆಗೆ ಕೆಡುವುದಿಲ್ಲ. ಕರಾವಳಿಯಲ್ಲಿ ಈ ರೊಟ್ಟಿಯನ್ನು ಮಾಡಿಟ್ಟು ನೋಡಿರಿ. ಎರಡು ದಿನದಲ್ಲಿ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಮಹಾದಾಸೋಹಗಳಿಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಮುಂಚಿತವಾಗಿಯೇ ಬಂದು ರಾಶಿ ಬೀಳುವುದು ಭಕ್ತಿಯಿಂದಲೆಂಬುದು ನಿಜ. ಆ ಭಕ್ತಿಗೆ ಒಣಹವೆಯ ಸಹಕಾರವೂ ಇಲ್ಲದಿದ್ದರೆ ರಾಶಿ ನಿಲ್ಲುತ್ತಿರಲಿಲ್ಲ.

ಒಣಗಾಳಿಯ ಕೈಚಳಕವು ಪೂರ್ಣವಾಗಿ ಪ್ರಕಟವಾಗುವುದು ಒಣದ್ರಾಕ್ಷಿಯಲ್ಲಿ. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಲಿಕ ಸೂಚಕದ ಮಾನ್ಯತೆ ದೊರೆಯಿತು. ತಾಸಗಾಂವ, ಸಾಂಗಲಿಗಳ ಪೇಟೆಗಳು ಇದಕ್ಕೆ ಪ್ರಖ್ಯಾತವಾದವು. ಗಡಿಯ ಆಚೆಗೆ ಕರ್ನಾಟಕದ ತಿಕೋಟಾ, ಬಬಲೇಶ್ವರಗಳ ರೈತರೂ ಇದೇ ವಿದ್ಯೆಯನ್ನು ಸಾಧಿಸಿದ್ದಾರೆ. ಈ ಬಳ್ಳಿಯ ವಂಶಚರಿತ್ರೆಯೇ ಒಂದು ಸ್ವಾರಸ್ಯ. ಮೇಲೆ ಫಲ ಕೊಡುವ ಭಾಗವು ಪಶ್ಚಿಮ ಏಷ್ಯದಲ್ಲಿ ಕಿಶ್‌ಮಿಶ್, ಸುಲ್ತಾನಾ ಮೊದಲಾದ ಹೆಸರುಗಳಿಂದ ಬಳಕೆಯಲ್ಲಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಥಾಂಪ್ಸನ್ ಎಂಬಾತನಿಂದ ಥಾಂಪ್ಸನ್ ಸೀಡ್‌ಲೆಸ್ ಎಂಬ ಹೆಸರು ಪಡೆದ ಬೀಜರಹಿತ ತಳಿ ಅಥವಾ ಅದರ ಪೀಳಿಗೆಯದು. ಕೆಳಗೆ ನೆಲದಲ್ಲಿರುವ ಬೇರು ಟೆಕ್ಸಸಿನ ಕಾಡುದ್ರಾಕ್ಷಿಯಾದ ಡಾಗ್‌ರಿಜ್‌ನದು. ಉಪ್ಪುನೀರನ್ನೂ ನೀರಿನ ಅಭಾವವನ್ನೂ ಸಹಿಸುವ ಆ ಪರದೇಶದ ಬೇರಿಗೆ ಈ ಕಣ್ಣನ್ನು ಕಸಿ ಕಟ್ಟಿ, ಹನಿಹನಿಯಾಗಿ ನೀರುಣಿಸಿ, ಕಪ್ಪುಶಿಲೆಯ ನಾಡಿನಲ್ಲಿ ಬೆಳೆಸುತ್ತಾರೆ. ಯುರೋಪಿನಲ್ಲಿ ಹಿಮಗಾಲ ಬಂದೊಡನೆ ಎಲೆಯುದುರಿಸಿ ನಿದ್ರಿಸುವ ದ್ರಾಕ್ಷಿಗೆ ನಮ್ಮ ಉಷ್ಣಪ್ರದೇಶದಲ್ಲಿ ನಿದ್ರೆಯೇ ಇಲ್ಲ. ಆದಕಾರಣ ರೈತನೇ ಕತ್ತರಿ ಹಿಡಿದು ಅದಕ್ಕೆ ಋತುಗಳನ್ನು ಕಲ್ಪಿಸಬೇಕಾಗುತ್ತದೆ. ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಸವರುವಿಕೆಯಲ್ಲಿ, ಹಳೆಯ ಕಡ್ಡಿಯನ್ನು ಗಿಡ್ಡಗೆ ಕತ್ತರಿಸಿದರೆ, ಹೊಸದಾಗಿ ಬರುವ ಕಡ್ಡಿಯ ಕಣ್ಣುಗಳೊಳಗೆ ಬೇಸಗೆಯ ಬಿಸಿಲಿನಲ್ಲಿಯೇ ಮುಂದಿನ ಗೊಂಚಲಿನ ಅಂಕುರವಾಗುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಆ ಕಣ್ಣಿನ ಲೆಕ್ಕ ನೋಡಿ ಕತ್ತರಿಸಿದರೆ, ಒಳಗಿದ್ದ ಗೊಂಚಲು ಹೊರಬರುತ್ತದೆ. ಎರಡು ಚಾಟ್ನಿ, ಒಂದು ಬೆಳೆ: ಇದು ಇಲ್ಲಿಯ ಸೂತ್ರ.

ಫೆಬ್ರವರಿ ಕಳೆದು ಹಣ್ಣು ಸಕ್ಕರೆಗಟ್ಟಿದ ಮೇಲೆ ಒಣಗಿಸುವ ಶೆಡ್ಡುಗಳಲ್ಲಿ ಹಗಲಿರುಳೂ ಕೆಲಸ ನಡೆಯುತ್ತದೆ. ಬಿಡಿಸಿ ತಂದ ಗೊಂಚಲಿನ ಒಂದು ಹಣ್ಣನ್ನು ಬೆರಳಿನಿಂದ ಒರಸಿದರೆ ಮೇಲಣ ಬೂದಿಬಣ್ಣದ ಮುಸುಕು ಹೋಗಿ ಒಳಗಿನ ಹಸುರು ಹೊಳೆಯುತ್ತದೆ. ಆ ಮುಸುಕು ಮೇಣದ ಅತಿ ಸೂಕ್ಷ್ಮವಾದ ಚಕ್ಕೆಗಳಿಂದಾದುದು. ಬಿಸಿಲಿನಲ್ಲಿ ಹಣ್ಣಿನ ನೀರು ಆರಿಹೋಗದಂತೆ ಬಳ್ಳಿಯು ತೊಡಿಸಿದ ಆ ಕವಚವನ್ನು ಮುರಿಯದೆ ಒಣಗಿಸಹೊರಟರೆ ತಿಂಗಳು ಹಿಡಿಯುತ್ತದೆ, ಬಣ್ಣವೂ ಕಂದಾಗುತ್ತದೆ. ಅದಕ್ಕಾಗಿ ಲೀಟರು ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನೂ 15 ಮಿಲಿಲೀಟರ್ ಇಥೈಲ್ ಓಲಿಯೇಟನ್ನೂ ಬೆರಸಿ, ಗೊಂಚಲುಗಳನ್ನು ಬುಟ್ಟಿಯಲ್ಲಿಟ್ಟು ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ರೈತರು ಇದನ್ನು ಡಿಪ್ಪಿಂಗ್ ಎಣ್ಣೆ ಎಂದೇ ಕರೆಯುವರು. ಈ ದ್ರಾವಣವು ಸಿಪ್ಪೆಯನ್ನು ಹರಿಯದೆ, ಮೇಣದ ಚಕ್ಕೆಗಳ ನಡುವೆ ನೀರಿಗೆ ಹಾದಿಯನ್ನು ಮಾತ್ರ ಬಿಡಿಸಿಕೊಡುತ್ತದೆ. ಆಮೇಲೆ ಒಂದರ ಮೇಲೊಂದಾಗಿ ಬಿಗಿದ ಬಲೆಯ ಅಂತಸ್ತುಗಳ ಮೇಲೆ ನೆರಳಿನಲ್ಲಿ ಹರಡಿದರೆ, ಹದಿನೈದು ದಿನಗಳ ಆಸುಪಾಸಿನಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗಿ, ತಿಳಿಹಸುರು ಹೊನ್ನಿನ ಬಣ್ಣ ತಾಳುತ್ತದೆ. ಇದು ಆಧುನಿಕ ರಸಾಯನಶಾಸ್ತ್ರದ ಉಪಾಯವೆಂದು ತೋರಿದರೂ ಇದರ ಮೂಲವು ಪ್ರಾಚೀನವಾದುದು: ದ್ರಾಕ್ಷಿಯನ್ನು ಬೂದಿಯ ಕ್ಷಾರಜಲ ಹಾಗೂ ಆಲಿವ್ ಎಣ್ಣೆಗಳ ಕುದಿಪಾಕದಲ್ಲಿ ಅದ್ದಿ ಒಣಗಿಸುವ ಕ್ರಮವನ್ನು ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಕೃಷಿಗ್ರಂಥಕಾರ ಕೊಲುಮೆಲ್ಲಾ ವರ್ಣಿಸಿದ್ದಾನೆ. ಬೂದಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟೇ. ಆಲಿವ್ ಎಣ್ಣೆಯ ಮುಖ್ಯ ಆಮ್ಲದಿಂದಲೇ ಓಲಿಯೇಟು ಸಿದ್ಧವಾಗುವುದು. ಎರಡು ಸಾವಿರ ವರ್ಷಗಳ ಹಿಂದೆ ಮಧ್ಯಧರಣಿ ಸಮುದ್ರದ ತೀರದ ಒಕ್ಕಲಿಗರು ಕಂಡುಕೊಂಡ ಯುಕ್ತಿಯನ್ನು ಇಂದು ಜತ್ತದ ಒಕ್ಕಲಿಗನು ಲೀಟರು ಗ್ರಾಮುಗಳಲ್ಲಿ ಅಳೆದು ನಡೆಸುತ್ತಿದ್ದಾನೆ.

ಆ ಹದಿನೈದು ದಿನಗಳಲ್ಲಿ ಒಂದು ಸಂಜೆ ಮೋಡ ಕವಿದರೂ ಶೆಡ್ಡಿನಲ್ಲಿ ಯಾರಿಗೂ ನಿದ್ರೆಯಿಲ್ಲ. ಬೇರೆ ಕಾಲದಲ್ಲಿ ಮಳೆಗಾಗಿ ದೇವರಿಗೆ ಹರಕೆ ಹೊರುವ ಜನವೇ ಆಗ ಮಳೆ ಬಾರದಿರಲೆಂದು ಹರಕೆ ಹೊರುತ್ತದೆ. 2019ರ ಅಕ್ಟೋಬರ್, ನವೆಂಬರುಗಳ ಅಕಾಲವೃಷ್ಟಿಯು ಹೂವಿನಲ್ಲಿದ್ದ ತೋಟಗಳನ್ನು ಕೊಳೆಸಿ ಸಾಂಗಲಿ ಜಿಲ್ಲೆಯ ಅನೇಕ ರೈತರನ್ನು ಸಾಲದಲ್ಲಿ ಮುಳುಗಿಸಿತು. ಮಳೆಯ ಅಭಾವಕ್ಕೆ ಹೊಂದಿಕೊಂಡು ಕಟ್ಟಿದ ಬಾಳು, ಮಳೆಯು ಹೊತ್ತು ತಪ್ಪಿ ಬಂದರೆ ಎಷ್ಟು ಬೇಗ ಕುಸಿಯುವುದೆಂಬುದನ್ನು ಆ ವರ್ಷ ಕಂಡವರು ಮರೆಯಲಾರರು.

ಪಶುಸಂಪತ್ತಿನಲ್ಲಿಯೂ ಇದೇ ಒಣಭೂಮಿಯ ಮುದ್ರೆಯಿದೆ. ಜತ್ತ ತಾಲ್ಲೂಕಿನದೇ ಆದ ಮಾಡಗ್ಯಾಳ ಎಂಬ ಊರಿನ ಹೆಸರನ್ನು ಹೊತ್ತ ಕುರಿಯ ತಳಿಯು ಎತ್ತರದ ಕಾಲು, ಜೋಲುಗಿವಿ, ಬಿಳಿಯ ಮೈಮೇಲೆ ಕಂದುಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗುಗಳಿಂದ ದೂರದಿಂದಲೇ ಗುರುತು ಸಿಗುವಂಥದು. ಉಣ್ಣೆಗೆ ಇದು ಪ್ರಸಿದ್ಧವಲ್ಲ. ಬೆಳವಣಿಗೆಗೆ, ನಡಿಗೆಗೆ, ಕುರುಚಲು ಮೇದು ಮೈದುಂಬುವುದಕ್ಕೆ ಪ್ರಸಿದ್ಧ. ಮೂಗಿನ ಬಾಗು ಹೆಚ್ಚಿದಷ್ಟೂ ಟಗರಿನ ಬೆಲೆ ಏರುತ್ತದೆ. 2020ರ ಡಿಸೆಂಬರಿನಲ್ಲಿ ನೆರೆಯ ಆಟಪಾಡಿಯ ಸಂತೆಯಲ್ಲಿ ಇಂಥ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೇಳಿಬಂದರೂ ಒಡೆಯನು ಕೊಡಲೊಪ್ಪಲಿಲ್ಲವೆಂಬ ವಾರ್ತೆಯು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಖಿಲಾರಿ ಎತ್ತುಗಳದೂ ಇದೇ ಸೀಮೆ: ಬೆಳ್ಳಗಿನ ಬಿಗಿಮೈ, ಹಿಂದಕ್ಕೆ ಬಾಗಿ ಮೇಲೆದ್ದ ನೀಳವಾದ ಕೋಡು, ಬಿಸಿಲಿನಲ್ಲಿ ಮೈಲುಗಟ್ಟಲೆ ಗಾಡಿ ಎಳೆದರೂ ಬಳಲದ ಕಾಲು. ಟ್ರ್ಯಾಕ್ಟರು ಬಂದಮೇಲೆ ಖಿಲಾರಿಯ ಜೋಡಿ ಸಾಕುವುದು ಲಾಭದ ಮಾತಾಗಿ ಉಳಿದಿಲ್ಲ; ಆದರೂ ಸಾಕುವವರು ಇನ್ನೂ ಇದ್ದಾರೆ, ಅವರ ಅಭಿಮಾನವು ನನಗೆ ಗೌರವಾರ್ಹವಾಗಿ ಕಾಣುತ್ತದೆ.

ಜತ್ತದ ಮಾಳಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಘಟ್ಟದಲ್ಲಿ ನೀರನ್ನು ಕಳೆದುಕೊಂಡು ಬಂದ ಆ ಮಾರುತವು ವೇಗವನ್ನು ಮಾತ್ರ ಕಳೆದುಕೊಂಡಿಲ್ಲವಾದ್ದರಿಂದ, ರೈತನು ಮುಗಿಲು ನೋಡುತ್ತ ನಿಲ್ಲುವ ಜೂನ್, ಜುಲೈ ತಿಂಗಳುಗಳಲ್ಲಿಯೇ ಅವುಗಳಿಗೆ ಸುಗ್ಗಿ.

ಇಂಥ ನೆಲದಲ್ಲಿ ಜನರು ಪೂಜಿಸುವ ದೈವವು ಕೊಡುಗೈಯ ಹೆಣ್ಣುಮಗಳೆಂಬುದು ಚಿಂತನಾರ್ಹವಾದುದು. ಹನ್ನೆರಡನೆಯ ಶತಮಾನದಲ್ಲಿ ಇದೇ ಜತ್ತ ಸೀಮೆಯ ಉಮರಾಣಿಯಲ್ಲಿ ಲಿಂಗಮ್ಮನೆಂಬ ಹೆಸರಿನಿಂದ ಹುಟ್ಟಿ, ಶರಣಮಾರ್ಗವನ್ನು ಹಿಡಿದು, ಬಂದವರಿಗೆ ಇಲ್ಲೆನ್ನದೆ ನೀಡಿ ದಾನಮ್ಮಳೆನಿಸಿದ ಶರಣೆಯ ಕ್ಷೇತ್ರ ಗುಡ್ಡಾಪುರ. ಕಾರ್ತಿಕ ಮಾಸದ ಕೊನೆಗೆ ಬರುವ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರಗಳ ಕಡೆಯಿಂದ ಭಕ್ತರು ದಿನಗಟ್ಟಲೆ ನಡೆದು ಬರುತ್ತಾರೆ. ಹಾದಿಯ ಊರಿನವರು ಅವರಿಗೆ ನೀರು, ಅಂಬಲಿ, ರೊಟ್ಟಿ, ಪಲ್ಯಗಳನ್ನು ನೀಡಿ, ಕಾಲಿಗೆ ಎಣ್ಣೆ ತಿಕ್ಕಿ, ರಾತ್ರಿ ಮಲಗಲು ಎಡೆ ಮಾಡಿಕೊಡುತ್ತಾರೆ. ತಮ್ಮ ಮನೆಯ ಕೊಡವೇ ಅರ್ಧ ತುಂಬಿರುವ ಊರಿನಲ್ಲಿ ಪರರಿಗೆ ನೀರು ನೀಡುವುದು ಶ್ರೇಷ್ಠ ದಾನವೆಂದು ಬಗೆಯುವ ಜನರ ನಡುವೆಯೇ ದಾನಮ್ಮನ ಭಕ್ತಿಯು ಇಷ್ಟು ಆಳಕ್ಕೆ ಇಳಿದದ್ದು ಸಹಜವೆಂದು ನಾನು ಬಲವಾಗಿ ನಂಬಿದ್ದೇನೆ.

ಬಾಲಗಾಂವದಲ್ಲಿ ಶ್ರೀ ಅಮೃತಾನಂದ ಸ್ವಾಮಿಗಳ ಗುರುದೇವಾಶ್ರಮವಿದೆ. ಅವರ ಗುರುಗಳು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು. ಜತ್ತದ ನೆರೆಯ ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ರೈತ ಮನೆತನದಲ್ಲಿ ಜನಿಸಿ, ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾಗಿ, ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸಿದ ಅವರು ಕನ್ನಡ, ಮರಾಠಿಗಳೆರಡರಲ್ಲಿಯೂ ಸರಾಗವಾಗಿ ಮಾತನಾಡಬಲ್ಲವರಾಗಿದ್ದುದರಿಂದ ಗಡಿಯ ಎರಡೂ ಕಡೆಯ ಜನರಿಗೆ ಸ್ವಂತದವರಾದರು. ಅವರು ತೊಡುತ್ತಿದ್ದ ಬಿಳಿಯ ಅಂಗಿಗೆ ಜೇಬಿರಲಿಲ್ಲ. ಊರೂರಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಬೆಳಗಿನ ಪ್ರವಚನಕ್ಕೆ ಸೂರ್ಯ ಮೂಡುವ ವೇಳೆಗೇ ಸಾವಿರಾರು ಜನ ಬಂದು ಸೇರುವರು. ಕೈಕಾಲು ಬೀಸದೆ, ದನಿಯೇರಿಸದೆ, ಹೂವು ಹಣ್ಣು ಹಕ್ಕಿಗಳನ್ನು ಹೆಸರಿಸುತ್ತ, ಉಪನಿಷತ್ತಿನ ವಿಚಾರವನ್ನು ಒಕ್ಕಲಿಗನಿಗೆ ತಿಳಿಯುವಷ್ಟು ಸರಳವಾಗಿ ಹೇಳಿ, ಹೊತ್ತಿಗೆ ಸರಿಯಾಗಿ ಅವರು ಮುಗಿಸುತ್ತಿದ್ದರು. 2018ರಲ್ಲಿ ಪದ್ಮಶ್ರೀ ಘೋಷಿತವಾದಾಗ, ಸಂನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಬರೆದು ಅದನ್ನು ಒಲ್ಲೆನೆಂದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದ ಅಂತಿಮ ಪತ್ರದಲ್ಲಿ ತಮ್ಮ ದೇಹವನ್ನು ಭೂಮಿಗಿಡದೆ ಅಗ್ನಿಗರ್ಪಿಸಬೇಕೆಂದೂ, ಚಿತಾಭಸ್ಮವನ್ನು ನದಿಯಲ್ಲೋ ಸಾಗರದಲ್ಲೋ ವಿಸರ್ಜಿಸಬೇಕೆಂದೂ, ಯಾವ ಸ್ಮಾರಕವನ್ನೂ ಕಟ್ಟಬಾರದೆಂದೂ ಸೂಚಿಸಿದ್ದರು. 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ ಅವರು ಲಿಂಗೈಕ್ಯರಾದರು. ಮರುದಿನ ಲಕ್ಷೋಪಲಕ್ಷ ಜನರ ಸಮ್ಮುಖದಲ್ಲಿ ಅವರ ಇಚ್ಛೆಯಂತೆಯೇ ಅಗ್ನಿಸಂಸ್ಕಾರ ನಡೆಯಿತು. ಗದ್ದುಗೆಯ ಪರಂಪರೆಯು ಇಷ್ಟು ಗಾಢವಾಗಿರುವ ನಾಡಿನಲ್ಲಿ ತನ್ನ ಗದ್ದುಗೆಯೇ ಬೇಡವೆಂದ ಈ ನಿರ್ಧಾರದ ಧೈರ್ಯವನ್ನು ನಾವಿನ್ನೂ ಪೂರ್ತಿಯಾಗಿ ಅರಿತುಕೊಂಡಿಲ್ಲ.

ಕಡೆಯದಾಗಿ ನೀರಿನ ಮಾತು. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಪಂಪುಗಳಿಂದ ಹಂತಹಂತವಾಗಿ ಮೇಲೆತ್ತಿ ಪೂರ್ವದ ದಿಣ್ಣೆಗಳಿಗೆ ಹರಿಸುವ ಯೋಜನೆಗೆ 1984ರಲ್ಲಿ ಮಂಜೂರಾತಿ ದೊರೆತರೂ, ಜತ್ತದ ಕಟ್ಟಕಡೆಯ ಹಳ್ಳಿಗಳು ದಶಕಗಳ ಕಾಲ ಆ ಕಾಲುವೆಯ ಹೊರಗೇ ಉಳಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕರ್ನಾಟಕಕ್ಕೆ ಸೇರಬೇಕೆಂಬ ಜತ್ತದ 40 ಗ್ರಾಮಗಳ ಹಳೆಯ ಠರಾವಿನ ಪ್ರಸ್ತಾಪವೆತ್ತಿದಾಗ ಎರಡೂ ರಾಜ್ಯಗಳಲ್ಲಿ ಮಾತು ಬಿಸಿಯೇರಿತು. ಆ ಠರಾವಿನ ಹಿಂದಿದ್ದುದು ನೀರಿನ ಸಂಕಟ. ಅದೇ ದಿನಗಳಲ್ಲಿ, ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನೆತ್ತಿ ತಿಕೋಟಾ, ಬಬಲೇಶ್ವರಗಳಿಗೆ ಉಣಿಸುವ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿಯನ್ನು ದಾಟಿ ಜತ್ತ ತಾಲ್ಲೂಕಿನ ತಿಕ್ಕುಂಡಿಯ ಕೆರೆಗೆ ಹರಿದುಬಂದಿತು. ಮಹಾಬಳೇಶ್ವರದ ಮಳೆಯು ಕೃಷ್ಣೆಯಾಗಿ ಕರ್ನಾಟಕಕ್ಕಿಳಿದು, ಅಲ್ಲಿಯ ಪಂಪಿನಿಂದ ಮೇಲೇರಿ, ಮಹಾರಾಷ್ಟ್ರದ ಕೆರೆಯನ್ನು ಸೇರಿದ ಈ ಪ್ರಸಂಗದಲ್ಲಿ ಇಂಜಿನಿಯರಿಂಗ್ ವಿದ್ಯೆಯು ಭೂಗೋಳದ ಅನ್ಯಾಯವನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿತೆನ್ನಬಹುದು. ಮ್ಹೈಸಾಳ ಯೋಜನೆಯ ವಿಸ್ತರಣವೂ ಈಗ ಕೈಗೊಂಡ ಕಾರ್ಯವಾಗಿದೆ.

ನೀರು ಬರಲೇಬೇಕು, ಕುಡಿಯುವ ಕೊಡಕ್ಕೂ ದನದ ದೋಣಿಗೂ ದ್ರಾಕ್ಷಿಯ ಬೇರಿಗೂ ಬರಬೇಕು. ಆದರೆ ಎರೆಮಣ್ಣು ನೀರನ್ನು ಹಿಡಿದಿಡುವ ತನ್ನ ಗುಣದಿಂದಲೇ ಬಹುಬೇಗ ಕೆಡತಕ್ಕ ಮಣ್ಣು. ಇದೇ ಜಿಲ್ಲೆಯ ವಾಳವಾ, ಮಿರಜಗಳ ಕೃಷ್ಣಾತೀರದಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದ ಹೊಲಗಳು ಸವುಳಾಗಿ, ಬಿಳಿಯ ಉಪ್ಪು ಹೊರಚಿಮ್ಮಿ, ಬಿತ್ತನೆಗೆ ಬಾರದಂತಾಗಿವೆ. ಅವನ್ನು ಮರಳಿ ಪಡೆಯಲು ನೆಲದಡಿಯಲ್ಲಿ ತೂತಿನ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಹೊರಹಾಕುವ ದುಬಾರಿ ಕೆಲಸ ನಡೆದಿದೆ. ಬಾಲಗಾಂವ, ಉಮದಿ, ಸಂಖಗಳ ರೈತರು ಕಾಲುವೆ ಬರುವ ಮುನ್ನ ಒಮ್ಮೆ ಆ ಹೊಲಗಳನ್ನು ಕಣ್ಣಾರೆ ನೋಡಿಬರುವುದು ಒಳ್ಳೆಯದು. ಹಾಗೆಯೇ ಈ ದಿಣ್ಣೆಗೆ ಕಾಲುವೆಯ ನಕ್ಷೆಯನ್ನು ಬರೆಯುವ ಇಂಜಿನಿಯರುಗಳು ನೀರು ಬರುವ ಗೆರೆಯನ್ನೆಳೆದ ದಿನವೇ, ಅದೇ ಹಾಳೆಯ ಮೇಲೆ, ಹೆಚ್ಚಾದ ನೀರು ಹೊರಟುಹೋಗುವ ಬಸಿಗಾಲುವೆಯ ಗೆರೆಯನ್ನೂ ಎಳೆಯತಕ್ಕದ್ದು, ಕಬ್ಬಿಗೆ ನೀರು ಕೊಡುವ ಮುನ್ನ ಜೋಳ, ದ್ರಾಕ್ಷಿ, ದಾಳಿಂಬೆಗಳಿಗೆ ಹನಿನೀರಾವರಿಯ ಕೊಳವೆಯನ್ನು ಪೂರೈಸತಕ್ಕದ್ದು.